ಸೈಕಲ್‌ಗೆ ಸ್ಟ್ಯಾಂಡ್ ಹಾಕ್ಸೋಕೆ ಹೋಗಿ ವಾರಂಟಿ ಪುಸ್ತಕ ಓದಿದ ಕಥೆ

ಹಿಂದಿನ ಕ್ಯಾರಿಯರ್‌ಗೆ ಎರಡೂ ಕಡೆ ಬ್ಯಾಗ್ ನೇತುಹಾಕಿ ಇಪ್ಪತ್ತು ಕೆಜಿ ಹೇರ್ಕೊಂಡು ಹೋಗಿ ಬಯಲಲ್ಲಿ ಸೈಕಲ್ ನಿಲ್ಲಿಸಿದವರಿಗೆ ಈ ಕಷ್ಟ ಗೊತ್ತಿರತ್ತೆ. ಒರಗಿಸೋಕೆ ಗೋಡೆ ಇಲ್ಲ ಮರ ಇಲ್ಲ, ಒಂದು ಕೈಲಿ ಸೀಟ್ ಹಿಡ್ಕೊಂಡು ಇನ್ನೊಂದು ಕೈಲಿ ಬ್ಯಾಗ್ ಬಕಲ್ ಬಿಚ್ಚೋಣ ಅಂದ್ರೆ ಅಷ್ಟರಲ್ಲಿ ಹ್ಯಾಂಡಲ್ ಗಿರಕ್ ಅಂತ ತಿರುಗಿ ಸೈಕಲ್ ಮೈಮೇಲೇ ಬರತ್ತೆ. ಮೂರನೇ ಸಲ ಪೆಡಲ್ ಮೊಣಕಾಲಿಗೆ ಬಡಿದ ಮೇಲೆ ಸಾಕಪ್ಪಾ ಸಾಕು, ಸ್ಟ್ಯಾಂಡ್ ಹಾಕೇ ಬಿಡೋಣ ಅಂತ ಕೂತೆ.

ಒಂದು ಬೋಲ್ಟ್ ಟೈಟ್ ಮಾಡೋ ಕೆಲಸ, ಅದರಲ್ಲೇನಿದೆ ಅನ್ಕೊಂಡಿದ್ದೆ. ದಿನಾ ಓಡಾಡೋ ಎಷ್ಟೋ ಸೈಕಲ್‌ಗಳಲ್ಲಿ ಪೆಡಲ್ ಬುಡದ ಹಿಂದೆ, ಅಲ್ಲಿಂದ ಹಿಂದಿನ ಚಕ್ರಕ್ಕೆ ಹೋಗೋ ಎರಡು ಚೈನ್‌ಸ್ಟೇ ಪೈಪಿನ ನಡುವೆ, ತೂತಿರೋ ಒಂದು ಪ್ಲೇಟ್‌ನ ವೆಲ್ಡ್ ಮಾಡಿರ್ತಾರೆ, ಸ್ಟ್ಯಾಂಡ್ ಅದಕ್ಕೇ ಕೂರತ್ತೆ. ನನ್ನ ಟೂರಿಂಗ್ ಫ್ರೇಮಲ್ಲಿ ಬಗ್ಗಿ ನೋಡಿದ್ರೆ ಅಲ್ಲಿ ಬರೀ ಎರಡು ಪೈಪು. ಅಂಥದ್ದಕ್ಕೆ ಹಾಕೋ ಸ್ಟ್ಯಾಂಡು ಮೇಲೊಂದು ತಗಡು ಕೆಳಗೊಂದು ತಗಡು ಇಟ್ಟು ನಡುವಿನ ಬೋಲ್ಟಲ್ಲಿ ಎರಡೂ ಪೈಪನ್ನ ಅಮುಕಿ ಹಿಡಿಯೋ ಥರದ್ದು, ಆ ಹಿಡಿತಕ್ಕೆ ಕ್ಲಾಂಪ್ ಅಂತಾರೆ. ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಕ್ರೋಮೊಲಿ ಸ್ಟೀಲ್ ಅಂದ್ರೆ ಗಟ್ಟಿ ಅಂತೀವಿ, ನಿಜಾನೇ, ಆದ್ರೆ ತೂಕ ಉಳಿಸೋಕೆ ಆ ಪೈಪಿನ ಗೋಡೆ ಎಷ್ಟೋ ಫ್ರೇಮಲ್ಲಿ 1 ಮಿಲಿಮೀಟರ್ ದಪ್ಪಾನೂ ಇರಲ್ಲ. ಉದ್ದಕ್ಕೆ ಬರೋ ಭಾರ ಆರಾಮಾಗಿ ಹೊರತ್ತೆ, ಅಡ್ಡಡ್ಡ ಹಿಸುಕಿದ್ರೆ ನಗ್ಗತ್ತೆ.

ಅನುಮಾನ ಬಂದು ನನ್ನ ಹಳೇ ಸೈಕಲ್‌ನ ಸ್ಟ್ಯಾಂಡ್ ಬಿಚ್ಚಿ ನೋಡ್ದೆ. ಗ್ರೀಸು ಧೂಳು ಒರೆಸಿದ ಮೇಲೆ ಎರಡೂ ಪೈಪಿನ ಮೇಲೆ ಅರ್ಧಚಂದ್ರದ ಹಾಗೆ ಒಂದೊಂದು ಗುರುತು, ಪೇಂಟ್ ಹೋಗಿ ಕಂದು ತುಕ್ಕು, ಉಗುರು ಆಡಿಸಿದ್ರೆ ಉಗುರು ಸಿಕ್ಕಿಹಾಕ್ಕೊಳ್ಳೋಷ್ಟು ತಗ್ಗು. ತಪ್ಪು ನಂದೇ, ಸ್ಟ್ಯಾಂಡ್ ಸಡಿಲ ಆದಾಗೆಲ್ಲ ಇನ್ನೊಂದು ಸುತ್ತು ಇನ್ನೊಂದು ಸುತ್ತು ಅಂತ ಬಿಗಿ ಮಾಡ್ತಾನೇ ಇದ್ದೆ. ಹಳೇ ಟ್ಯೂಬ್ ಕತ್ತರಿಸಿ ಮಧ್ಯ ಇಡಿ ಅಂತ ಎಲ್ರೂ ಹೇಳ್ತಾರಲ್ಲ, ಅದನ್ನೂ ಮಾಡಿದ್ದೆ ಮಾರಾಯ್ರೆ. ರಬ್ಬರ್ ಒತ್ತಡಕ್ಕೆ ನಿಧಾನ ತೆಳುವಾಗತ್ತೆ, ಬೋಲ್ಟ್ ಸಡಿಲ ಆಗತ್ತೆ, ಆಮೇಲೆ ಅದರೊಳಗೆ ಸೇರಿದ ಮರಳು ಉಪ್ಪುಕಾಗದದ ಕೆಲಸ ಮಾಡತ್ತೆ.

ಆಗ ಟೂರಿಂಗ್ ಸೈಕಲ್‌ನ ವಾರಂಟಿ ಪುಸ್ತಕ ತೆಗೆದೆ. ಮೊದಲು ಕೊಂಡವರಿಗೆ ಮಾತ್ರ, ಬಿಲ್ ಇರಬೇಕು, ತಯಾರಿಕೆಯ ದೋಷಕ್ಕೆ ಮಾತ್ರ, ಇದೆಲ್ಲಾ ಮಾಮೂಲಿ. ಸ್ಟ್ಯಾಂಡ್ ಬಗ್ಗೆ ಸೀದಾ ಏನೂ ಇಲ್ಲ, ‘ಮಾರ್ಪಾಡಿನಿಂದ ಆದ ಹಾನಿ’ ಅಂತ ಒಂದು ಸಾಲು ಇದೆ ಅಷ್ಟೇ. ಕಂಪನಿಗೆ ಮೇಲ್ ಹಾಕಿ ಕೇಳಿದೆ. ಸ್ಟ್ಯಾಂಡ್ ಹಾಕಿದ ಮಾತ್ರಕ್ಕೆ ವಾರಂಟಿ ಹೋಗಲ್ಲ, ಕ್ಲಾಂಪ್‌ನಿಂದ ಆದ ಡ್ಯಾಮೇಜ್‌ಗೆ ಮಾತ್ರ ನಾವು ಜವಾಬ್ದಾರರಲ್ಲ ಅಂತ ಉತ್ತರ ಬಂತು. ಕೇಳೋಕೆ ನ್ಯಾಯವಾಗೇ ಇದೆ. ಆದ್ರೆ ಕ್ಲಾಂಪ್ ಕೂರೋದು ಪೆಡಲ್ ಬುಡದ ವೆಲ್ಡಿಂಗ್‌ನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ, ಪ್ರತಿ ತುಳಿತಕ್ಕೂ ಏಟು ತಿನ್ನೋ ಜಾಗ ಅದು. ನಾಳೆ ಅಲ್ಲೇ ಬಿರುಕು ಬಿಟ್ರೆ ವೆಲ್ಡಿಂಗ್ ದೋಷಾನೋ ಕ್ಲಾಂಪ್ ದೋಷಾನೋ ಅಂತ ತೀರ್ಮಾನ ಮಾಡೋರು ಯಾರು? ಅವರೇ ತಾನೆ! ಪಕ್ಕದಲ್ಲೇ ಆ ಅರ್ಧಚಂದ್ರ ಕಂಡ್ರೆ ನನ್ನ ವಾದ ಅಲ್ಲಿಗೇ ಮುಗೀತು.

ಅಲ್ಯೂಮಿನಿಯಂ ಫ್ರೇಮ್ ಆದ್ರೆ ಇನ್ನೂ ಹುಷಾರು, ನಗ್ಗಿದ ಕಡೆಯಿಂದ್ಲೇ ಮುಂದೆ ಬಿರುಕು ಶುರುವಾಗಬಹುದು. ಕಾರ್ಬನ್‌ಗಂತೂ ಆ ಯೋಚನೇನೇ ಬೇಡ.

ಹೊಸ ಫ್ರೇಮ್ ತಗೊಳ್ಳೋರು ಎಡಗಡೆ ಹಿಂದಿನ ಆಕ್ಸಲ್ ಹತ್ರ ಎರಡು ಥ್ರೆಡ್ ತೂತು ಇದೆಯಾ ನೋಡ್ಕೊಳ್ಳಿ. 18 ಇಲ್ಲಾ 40 ಮಿಲಿಮೀಟರ್ ಅಂತರದಲ್ಲಿ ಇರತ್ತೆ, ಸ್ಟ್ಯಾಂಡ್ ಕಂಪನಿಗಳು ಕೆಎಸ್‌ಎ 18, ಕೆಎಸ್‌ಎ 40 ಅಂತ ಹೇಳೋದು ಇದಕ್ಕೇ. ಅದಿದ್ರೆ ಫ್ರೇಮ್ ಮಾಡಿದವರೇ ಸ್ಟ್ಯಾಂಡ್‌ಗೆ ಜಾಗ ಕೊಟ್ಟಿದಾರೆ ಅಂತ ಲೆಕ್ಕ, ಜಗಳ ಇಲ್ಲ. ಸ್ಟ್ಯಾಂಡ್ ಹಾಕಿ ಅದರ ಮೇಲೇ ಸೈಕಲ್ ಹತ್ತಿ ಕೂತು ಫೋಟೋ ತೆಗೆಸ್ಕೋಬೇಡಿ, ಆ ಕಾಲು ಇರೋದು ಸೈಕಲ್ ತೂಕಕ್ಕೆ, ನಮ್ಮದಕ್ಕಲ್ಲ. ಕ್ಲಾಂಪ್ ಥರದ್ದೇ ಹಾಕ್ತೀನಿ ಅನ್ನೋರು ಚೈನ್‌ಸ್ಟೇ ಕೆಳಗೆ ಹಿಂದಿನ ಗೇರ್ ಕೇಬಲ್ ಹೋಗಿದೆಯಾ ಮೊದಲು ನೋಡಿ, ತಗಡಿನ ಅಡಿ ಅದು ಸಿಕ್ಕಿದ್ರೆ ಗೇರ್ ಯಾಕೆ ಬೀಳ್ತಿಲ್ಲ ಅಂತ ದಿನವಿಡೀ ತಲೆ ಕೆಡಿಸ್ಕೋಬೇಕಾಗತ್ತೆ.

ಕೊನೆಗೆ ನಾನು ಮಾಡಿದ್ದು ಇಷ್ಟು. ಹಳೇ ಟ್ರೆಕ್ಕಿಂಗ್ ಕೋಲೊಂದನ್ನ ಅಳತೆಗೆ ಕತ್ತರಿಸಿ ತುದಿಗೆ ಕವೆ ಥರ ಒಂದು ತುಂಡು ಸಿಕ್ಕಿಸಿ ಮೇಲಿನ ಪೈಪ್ ಸೀಟಿಗೆ ಸೇರೋ ಕಡೆ ಆನಿಸ್ತೀನಿ. ಎರಡು ಚಕ್ರ ಒಂದು ಕೋಲು, ಮುಕ್ಕಾಲಿ ಥರ ನಿಲ್ಲತ್ತೆ. ಬ್ಯಾಗ್ ಹೇರಿ ಗಾಳಿ ತುಂಬಿದ ಮೇಲೇ ಅಳತೆ ತಗೊಳ್ಳಿ, ಮೊದಲು ಉದ್ದಾನೇ ಇಟ್ಟು ಸ್ವಲ್ಪ ಸ್ವಲ್ಪ ಕತ್ತರಿಸಿ, ಗಿಡ್ಡ ಆದ ಕೋಲು ಮತ್ತೆ ಬೆಳೆಯಲ್ಲ. ಇನ್ನೊಂದು, ಮುಂದಿನ ಬ್ರೇಕ್ ಲಿವರ್‌ನ ರಬ್ಬರ್ ಬ್ಯಾಂಡಲ್ಲಿ ಬಿಗಿಯಾಗಿ ಕಟ್ಟಲೇಬೇಕು. ಮೊದಲ ದಿನ ಕಟ್ಟೋದು ಮರೆತು ಎರಡು ಹೆಜ್ಜೆ ಆಚೆ ಬಂದಿದ್ದೆ, ಸೈಕಲ್ ಸುಮ್ನೆ ಒಂದು ಗೇಣು ಮುಂದೆ ಉರುಳ್ತು, ಕೋಲು ಚಿಮ್ಮಿ ಹೋಯ್ತು, ಬ್ಯಾಗ್ ಸಮೇತ ದೊಪ್ ಅಂತ ಬಿತ್ತು. ಈಗ ಹ್ಯಾಂಡಲ್‌ಗೇ ಎರಡು ರಬ್ಬರ್ ಬ್ಯಾಂಡ್ ಸುತ್ತಿಟ್ಟಿದೀನಿ, ಒಂದು ಕಟ್ಟೋಕೆ, ಇನ್ನೊಂದು ಅದು ಕಳೆದುಹೋದಾಗ.