ಕಾರ ಹುಣ್ಣಿಮೆಯ ‘ಕಾರ’ ಯಾವುದು?

ಜ್ಯೇಷ್ಠ ಮಾಸದ ಹುಣ್ಣಿಮೆ ಹತ್ತಿರ ಬಂತು ಅಂದರೆ ಮೊಬೈಲ್‌ಗೆ ಶುಭಾಶಯಗಳು ಬರಲು ಶುರುವಾಗುತ್ತವೆ. ಅವುಗಳಲ್ಲಿ ಎಷ್ಟೋ ‘ಖಾರ ಹುಣ್ಣಿಮೆಯ ಶುಭಾಶಯ’ಗಳು! ಬೆಂಗಳೂರಿನ ಆಫೀಸಿನಲ್ಲೂ ಕೇಳುತ್ತಾರೆ, “ಆವತ್ತು ಖಾರದ ಅಡುಗೆ ಜಾಸ್ತಿ ಮಾಡ್ತೀರಾ?” ಅಂತ. ಗದಗ ಕಡೆಯವನಾದ ನನಗೆ ಇದನ್ನು ಕೇಳಿ ಸುಮ್ನೆ ಇರಲು ಆಗುವುದಿಲ್ಲ. ಎತ್ತು ಸಿಂಗರಿಸುವ ಈ ಕಾರ ಹುಣ್ಣಿಮೆ ಹಬ್ಬಕ್ಕೂ ಮೆಣಸಿನಕಾಯಿಗೂ ಏನೂ ಸಂಬಂಧವಿಲ್ಲ. ಆವತ್ತು ನಮ್ಮ ಮನೆಯಲ್ಲಿ ಮಾಡುವುದು ಹೋಳಿಗೆ, ಕಡುಬು.

ಇದು ‘ಕಾರ್’. ಕನ್ನಡದ ಬಹಳ ಹಳೆಯ ಮಾತು. ಕಾರ್ ಅಂದರೆ ಕಪ್ಪು. ಅದೇ ಮಾತು ಕಪ್ಪು ಮೋಡಕ್ಕೂ ಬಂತು, ಆ ಮೋಡ ಹೊತ್ತು ತರುವ ಮಳೆಗಾಲಕ್ಕೂ ಬಂತು. ಕಾರ್ಮೋಡ, ಕಾರ್ಗತ್ತಲೆ, ಕಾರಿರುಳು ಅಂತೀವಲ್ಲ, ಅಲ್ಲೆಲ್ಲ ಇರುವುದು ಇದೇ. ತಮಿಳಿನಲ್ಲೂ ಕಾರ್ ಅಂದರೆ ಮಳೆಗಾಲವೇ.

ಇಷ್ಟು ಹೇಳಿದರೂ ನಂಬದವರಿಗೆ ನಾನು ಕೇಳುವುದು ಒಂದೇ: ಮುಂಗಾರು ಅಂದರೆ ಏನು? ‘ಮುನ್’ ಮತ್ತು ‘ಕಾರ್’ ಸೇರಿ ಮುಂಗಾರು. ‘ಹಿನ್’ ಮತ್ತು ‘ಕಾರ್’ ಸೇರಿ ಹಿಂಗಾರು. ಮೊದಲ ಮಳೆಗಾಲ, ಹಿಂದಿನಿಂದ ಬರುವ ಮಳೆಗಾಲ. ಜೂನ್ ತಿಂಗಳು ಬಂದರೆ ಟೀವಿಯವರು, ಪೇಪರಿನವರು, ಕೃಷಿ ಇಲಾಖೆಯವರು ದಿನಕ್ಕೆ ಹತ್ತು ಸಲ ಮುಂಗಾರು ಅನ್ನುತ್ತಾರೆ. ಕೇರಳಕ್ಕೆ ಮುಂಗಾರು ಸಾಮಾನ್ಯವಾಗಿ ಜೂನ್ 1ರ ಸುಮಾರಿಗೆ ಬರುತ್ತದೆ, ಆಮೇಲೆ ನಮ್ಮ ಕಡೆ. ಆ ಹೊತ್ತಿಗೆ ಬೀಳುವ ಹುಣ್ಣಿಮೆಯೇ ಕಾರ್ ಹುಣ್ಣಿಮೆ. ಬಾಯಿಂದ ಬಾಯಿಗೆ ಬಂದು ಕಾರ ಹುಣ್ಣಿಮೆ ಆಗಿದೆ. ನಮ್ಮೂರಲ್ಲಿ ಕಾರುಣ್ಣಿವಿ.

ಹುಣ್ಣಿಮೆ ಅನ್ನುವುದು ಸಂಸ್ಕೃತದ ಪೂರ್ಣಿಮಾದಿಂದ ಬಂದದ್ದು. ಮೊದಲು ‘ಪ’ಕಾರ ಇತ್ತು, ಪಾಲು ಹಾಲಾದ ಹಾಗೆ ಅದೂ ‘ಹ’ ಆಯಿತು. ಜ್ಯೇಷ್ಠ ಮಾಸ ಅನ್ನುವ ಹೆಸರು ಜ್ಯೇಷ್ಠಾ ನಕ್ಷತ್ರದ್ದು. ಹುಣ್ಣಿಮೆಯ ಚಂದ್ರ ಆ ನಕ್ಷತ್ರದ ಆಸುಪಾಸು ಇರುತ್ತಾನೆ. ಪಂಚಾಂಗದ ಲೆಕ್ಕ ಅದು, ಅದಕ್ಕೂ ಅದರದೇ ಬೆಲೆ ಇದೆ. ಆದರೆ ನಮ್ಮ ಹಳ್ಳಿಯ ಜನ ಆ ಹೆಸರು ಇಟ್ಟುಕೊಳ್ಳಲಿಲ್ಲ. ಮಳೆಯ ಹೆಸರನ್ನೇ ಇಟ್ಟರು. ಎರಿ (ಕಪ್ಪು ಮಣ್ಣಿನ) ಹೊಲ ನಂಬಿದವರಿಗೆ ಆ ತಿಂಗಳಲ್ಲಿ ಬೇರೆ ಯಾವ ಯೋಚನೆ ಇರುತ್ತದೆ ಹೇಳಿ?

ದಿನಾಂಕ ಮಾತ್ರ ಓಡಾಡುತ್ತಲೇ ಇರುತ್ತದೆ. ಚಾಂದ್ರಮಾನದ ವರ್ಷಕ್ಕೆ 354 ದಿನ, ಹಾಗಾಗಿ ಹಬ್ಬ ವರ್ಷವರ್ಷ ಹಿಂದೆ ಸರಿದು, ಅಧಿಕ ಮಾಸ ಬಂದಾಗ ಮತ್ತೆ ಮುಂದೆ ಜಿಗಿಯುತ್ತದೆ. 2023ರಲ್ಲಿ ಜೂನ್ 4ಕ್ಕೇ ಬಂದಿತ್ತು, ಅಂದರೆ ರೋಹಿಣಿ ಮಳೆಯಲ್ಲಿ. 2026ರಲ್ಲಿ ಜ್ಯೇಷ್ಠವೇ ಅಧಿಕ, ಹಾಗಾಗಿ ನಿಜ ಜ್ಯೇಷ್ಠದ ಹುಣ್ಣಿಮೆ ಜೂನ್ 29ಕ್ಕೆ, ಆರಿದ್ರಾ ಮಳೆಯಲ್ಲಿ. ಸೂರ್ಯ ಯಾವ ನಕ್ಷತ್ರದಲ್ಲಿ ಇದ್ದಾನೋ ಅದೇ ಮಳೆಯ ಹೆಸರು, ಹಾಗಾಗಿ ಮಳೆ ನಕ್ಷತ್ರಗಳದ್ದು ಸೂರ್ಯನ ಲೆಕ್ಕ, ಹಬ್ಬದ್ದು ಚಂದ್ರನ ಲೆಕ್ಕ. ರೈತರು ಎರಡನ್ನೂ ಬಾಯಲ್ಲೇ ಇಟ್ಟುಕೊಂಡಿರುತ್ತಾರೆ. “ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ” ಅನ್ನುವುದನ್ನು ನಾನು ಕ್ಯಾಲೆಂಡರ್ ಓದಲು ಬರುವ ಮೊದಲೇ ಕಲಿತಿದ್ದೆ.

ನಮ್ಮ ಕಾಕಾ ಇನ್ನೂ ಒಂದು ಜೋಡಿ ಕಿಲಾರಿ ತಳಿಯ ಎತ್ತು ಸಾಕಿದ್ದಾರೆ. ಓಣಿಯಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಇಟ್ಟುಕೊಂಡವರು ಕಡಿಮೆ. ಹಬ್ಬದ ಹಿಂದಿನ ಸಂಜೆ ಹೊನ್ನುಗ್ಗಿ. ಎತ್ತಿಗೆ ಹುಗ್ಗಿ ಮಾಡಿ ತಿನ್ನಿಸುವ ದಿನ. ಮರುದಿನ ಮೈ ತೊಳೆದು, ಕೋಡು ಹೆರೆದು, ಬಣ್ಣ ಬಳಿಯುತ್ತಾರೆ. ಕೋಡಿನ ತುದಿಗೆ ಲೋಹದ ಕೋಡಣಸು, ಬೆನ್ನ ಮೇಲೆ ಬಣ್ಣದ ಬಟ್ಟೆಯ ಜೂಲ, ಕೊರಳಿಗೆ ಗೆಜ್ಜೆ. ಅವ್ವ ಕರಿದ ಕೋಡುಬಳೆಯನ್ನು ದಾರಕ್ಕೆ ಪೋಣಿಸಿ ಕೋಡಿಗೆ ಕಟ್ಟುತ್ತಾರೆ. ಕೋಡಿನ ಬಳೆ! ಬೇಕರಿಯಲ್ಲಿ ಪ್ಯಾಕೆಟ್ ತೆಗೆದುಕೊಳ್ಳುವಾಗ ಆ ಹೆಸರು ಯಾರಿಗೂ ಹೊಳೆಯುವುದಿಲ್ಲ. ನಮ್ಮ ಕಿಲಾರಿಯ ಉದ್ದ ಕೋಡಿನಲ್ಲಿ ಅದು ಅಲ್ಲಾಡುವುದನ್ನು ನೋಡಿದವರು ಮಾತ್ರ ಮರೆಯುವುದಿಲ್ಲ.

ಸಂಜೆ ಕರಿ ಹರಿಯುವುದು. ಊರ ಅಗಸಿಗೆ, ಅಂದರೆ ಊರಬಾಗಿಲಿಗೆ, ಬೇವಿನ ಸೊಪ್ಪು ಕಟ್ಟಿದ ಹಗ್ಗವನ್ನು ಅಡ್ಡ ಬಿಗಿಯುತ್ತಾರೆ. ಅದೇ ಕರಿ. ಎತ್ತುಗಳನ್ನು ಓಡಿಸಿಕೊಂಡು ಬರುತ್ತಾರೆ. ಮೊದಲು ಬಂದು ಹರಿದ ಎತ್ತಿನ ಬಣ್ಣ ನೋಡಿ ಬೆಳೆ ಹೇಳುತ್ತಾರೆ. ಕೆಂದೆತ್ತು ಹರಿದರೆ ಮುಂಗಾರಿ ಬೆಳೆ ಚಲೋ, ಬಿಳಿ ಎತ್ತು ಹರಿದರೆ ಹಿಂಗಾರಿ ಚಲೋ, ಬಿಳಿಜೋಳ ತುಂಬುತ್ತದೆ ಅಂತ. ‘ಕರಿ’ ಮತ್ತು ‘ಕಾರ್’ ಒಂದೇ ಬೇರಿನ ಮಾತುಗಳು. ಬರಗಾಲ, ಪೀಡೆ ಎಲ್ಲ ಕಪ್ಪು, ಅದನ್ನು ಎತ್ತು ಹರಿದು ಊರೊಳಗೆ ಬರುತ್ತದೆ ಅಂತ ಹಿರಿಯರು ಅರ್ಥ ಹೇಳುತ್ತಾರೆ. ಆಕಾಶದ ಕಪ್ಪು ಬೇಕು, ಬಾಳಿನ ಕಪ್ಪು ಬೇಡ. ಎರಡಕ್ಕೂ ಒಂದೇ ಬೇರಿನ ಮಾತು, ಒಂದೇ ದಿನದ ಹಬ್ಬ. ಇದನ್ನು ಮೊದಲ ಸಲ ಜೋಡಿಸಿ ಯೋಚಿಸಿದಾಗ ನನಗೆ ಮೈ ಜುಮ್ಮೆಂದಿತ್ತು.

ಇದೇ ದಿನ ಎಷ್ಟೋ ಮನೆಗಳಲ್ಲಿ ವಟಸಾವಿತ್ರಿ ವ್ರತ. ಹೆಣ್ಣುಮಕ್ಕಳು ಆಲದ ಮರಕ್ಕೆ ನೂಲು ಸುತ್ತುತ್ತಾರೆ. ಕ್ಯಾಲೆಂಡರ್‌ನಲ್ಲಿ ಎರಡೂ ಹೆಸರು ಇರಲಿ, ನನ್ನ ತಕರಾರಿಲ್ಲ. ಆದರೆ ಕಾರ ಹುಣ್ಣಿಮೆ ಅನ್ನುವುದನ್ನು ಬಿಟ್ಟು ಬರೀ ಜ್ಯೇಷ್ಠ ಪೂರ್ಣಿಮೆ ಅಂತ ಬರೆದರೆ, ಮಳೆಗೂ ಎತ್ತಿಗೂ ಇರುವ ನಂಟು ಆ ಪುಟದಿಂದ ಹೋದ ಹಾಗೆ. ಖಾರ ಅಂತ ಬರೆದರಂತೂ ಇನ್ನೂ ಬೇಜಾರು. ದಯವಿಟ್ಟು ಅಲ್ಪಪ್ರಾಣದಲ್ಲೇ ಬರೆಯಿರಿ.

ಬಿತ್ತನೆ, ಎತ್ತು, ಹಬ್ಬ ಎಲ್ಲ ಒಟ್ಟಿಗೆ ಶುರುವಾಗುವ ದಿನ ಇದು. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾಸಿ, ಆಮೇಲೆ ನಾಗರ ಪಂಚಮಿ, ಗಣಪ, ಹೀಗೇ ಸಾಲು. “ಕಾರ ಹುಣ್ಣಿವಿ ಕರಕೊಂಡು ಬಂತು, ಹೋಳಿ ಹುಣ್ಣಿವಿ ಹೊಡಕೊಂಡು ಹೋತು” ಅನ್ನುತ್ತಾರೆ ನಮ್ಮ ಕಡೆ. ವರ್ಷದ ಹಬ್ಬಗಳನ್ನೆಲ್ಲ ಮಳೆಯೇ ಕೈಹಿಡಿದು ಕರೆದು ತರುತ್ತದೆ ಅನ್ನುವ ನಂಬಿಕೆ ಅದು.

ಒಮ್ಮೆ ಕಾಕಾನನ್ನು ಕೇಳಿದ್ದೆ, “ಕಾಕಾ, ಬಿಳಿ ಎತ್ತು ಕರಿ ಹರಿದ್ರ ನೀವು ಮುಂಗಾರಿ ಬಿತ್ತೂದಿಲ್ಲೇನು?” ಅಂತ. “ಬಿತ್ತಲಾರದ ಬಿಡ್ತೀವೇನಪಾ? ಈಗ ಮುಂಗಾರಿಗೆ ಹೆಸರಕಾಳ ಬಿತ್ತೂದು, ಅದು ಬಂದ ಮ್ಯಾಲೆ ಹಿಂಗಾರಿಗೆ ಜ್ವಾಳ, ಕಡ್ಲಿ. ಎತ್ತು ಹೇಳೂದು ಹೇಳ್ಲಿ, ಮಳಿ ಬಂದ್ರ ಬಿತ್ತೂ ಕೂರಿಗಿ ಹೂಡಬೇಕು” ಅಂದರು. ಹೇಳಿದ ಹಾಗೆಯೇ ಆ ವರ್ಷ ಎರಡೂ ಬಿತ್ತಿದರು.