ಟಿಕೆಟ್ ಹಿಂದೆ ಬರೆದ ಚಿಲ್ಲರೆ

ಬಿಎಂಟಿಸಿ ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತಾರೆ. 5, 12, 40, ಹೀಗೆ. ಕೆಲವರು ಕೆಳಗೆ ಗೆರೆ ಎಳೆಯುತ್ತಾರೆ, ಕೆಲವರು ಸುತ್ತ ಸೊನ್ನೆ ಹಾಕುತ್ತಾರೆ. ಕೇಳದೆ ಇಳಿದುಬಿಟ್ಟರೆ ದುಡ್ಡು ಹೋಯಿತು, ಟಿಕೆಟ್ ಮಾತ್ರ ಜೇಬಿನಲ್ಲಿ ಉಳಿಯಿತು. ಅಂಥ ಟಿಕೆಟ್‌ಗಳನ್ನು ನಾನು ವರ್ಷಗಳಿಂದ ಕೂಡಿಡುತ್ತಾ ಬಂದಿದ್ದೆ. ನನ್ನವು, ಗೆಳೆಯರವು, ಜಾಸ್ತಿ ಅಮ್ಮನ ಪರ್ಸಿನಿಂದ ಬಂದವು.

ಬಟನ್, ಹಾಲಿನ ಪ್ಯಾಕೆಟ್, ಬೆಂಕಿಪೊಟ್ಟಣ, ಸ್ಟೀಲ್ ಲೋಟ, ಇಂಥವುಗಳಿಂದ ಕಲಾಕೃತಿ ಮಾಡುವುದು ನನ್ನ ಕೆಲಸ. ಹೋದ ಸಲದ ಶೋಗೆ ಈ ಟಿಕೆಟ್‌ಗಳಿಂದ ಒಂದು ಬಸ್ ಮಾಡಿದೆ. ಎಂಡಿಎಫ್, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆಯ ಮೂರು ಪ್ಯಾನೆಲ್. ಒಂದೊಂದು ಟಿಕೆಟನ್ನೂ ಬಾಕಿ ಬರೆದ ಬದಿ ಹೊರಗೆ ಬರುವಂತೆ ಮೇಲಿನ ಅಂಚಿಗೆ ಮಾತ್ರ ಅಂಟಿಸಿದ್ದೆ, ಕಿಟಕಿಯ ಶಟರ್ ಥರ ಎತ್ತಿ ನೋಡಬಹುದು. ಪಕ್ಕದಲ್ಲಿ ಚಿಲ್ಲರೆ ತುಂಬಿದ ಕಂಡಕ್ಟರ್ ಬ್ಯಾಗ್. ನೋಡಲು ಬಂದವರು ಒಂದು ಟಿಕೆಟ್ ಆರಿಸಿ, ಅದರ ಬಾಕಿಯನ್ನು ಬ್ಯಾಗಿನಿಂದ ಎಣಿಸಿ ತೆಗೆದುಕೊಳ್ಳಬಹುದು. ಯಾರಿಗೋ ಸೇರಬೇಕಿದ್ದ ಐದು ರೂಪಾಯಿ ಇನ್ಯಾರಿಗೋ ಸಿಗಲಿ ಅನ್ನುವ ಆಟ.

ಇನ್‌ಸ್ಟಾಲೇಶನ್ ದಿನ ಸಂಜೆ ಗ್ಯಾಲರಿಯಿಂದ ಹೊಸ ಮಾತು ಬಂತು. ಗ್ಲಾಸ್ ಹಾಕಿದರೆ ರಿಫ್ಲೆಕ್ಷನ್ ಬರುತ್ತದೆ, ಜನ ಮುಟ್ಟಿದರೆ ಕೊಳೆಯಾಗುತ್ತದೆ, ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದುಬಿಡಿ. ಇನ್ವಿಟೇಶನ್ ಕಾರ್ಡಿಗೆ ದುಡ್ಡಿರುತ್ತದೆ, ರಿಫ್ಲೆಕ್ಷನ್ ಬಾರದ ಮ್ಯೂಸಿಯಂ ಗ್ಲಾಸ್ ಅಂದರೆ ಬಜೆಟ್ ಮುಗಿದಿರುತ್ತದೆ. ಎಲ್ಲ ಕಡೆಯೂ ಇದೇ ಕಥೆ. ಇಂಥ ವಿಷಯವನ್ನು ತಿಂಗಳ ಮೊದಲೇ ಹೇಳಬೇಕಲ್ವಾ?

ನಾನು ಒಪ್ಪಿಕೊಂಡೆ. ಆ ಸ್ಪ್ರೇ ನನಗೆ ಹೊಸದಲ್ಲ. ಟಿಕೆಟ್ ಮೇಲೂ ಪರೀಕ್ಷೆ ಮಾಡಿದ್ದೆ, ಏನೂ ಆಗಿರಲಿಲ್ಲ. ಮನಸ್ಸಿನಲ್ಲಿ ಕಲಾವಿದ ಕುರ್ಟ್ ಶ್ವಿಟ್ಟರ್ಸ್ ಕೂಡ ಇದ್ದರು. ಜರ್ಮನಿಯ ಹ್ಯಾನೋವರ್‌ನಲ್ಲಿ 1919ರಿಂದ ಅವರು ಮಾಡಿದ ಕೊಲಾಜ್‌ಗಳಲ್ಲಿ ಟ್ರಾಮ್ ಟಿಕೆಟ್‌ಗಳಿವೆ. ಬೀದಿಯ ಕಸ ಅಂತ ಜನ ಬಿಟ್ಟಿದ್ದನ್ನೇ ಅಂಟಿಸಿದರು. ನೂರು ವರ್ಷ ಕಳೆದರೂ ಆ ಟಿಕೆಟ್‌ಗಳ ಅಕ್ಷರ ಓದಬಹುದು. ಅವು ಉಳಿದಿವೆ ಅಂದಮೇಲೆ ಇವು ಯಾಕೆ ಉಳಿಯಲ್ಲ ಅಂದುಕೊಂಡೆ.

ಮೊದಲ ಪ್ಯಾನೆಲ್‌ಗೆ ಒಂದು ಕೋಟ್ ಹೊಡೆದೆ. ಶಟರ್ ಎತ್ತಿ ಒಳಗಡೆಗೂ ಹೊಡೆದೆ. ಏನೂ ಆಗಲಿಲ್ಲ. ಎರಡನೆಯದನ್ನು ಎತ್ತಿ ನಿಲ್ಲಿಸಲು ಹುಡುಗರಿಗೆ ಹೇಳುತ್ತಿದ್ದೆ. ಅಷ್ಟರಲ್ಲಿ ಒಂದು 40ರ ಸುತ್ತ ನೀಲಿ ಹಬ್ಬಿದ್ದು ಕಂಡಿತು. ಪೆನ್ನಿನ ಇಂಕು ಕರಗುತ್ತಿತ್ತು. ಟಿಕೆಟ್ ಎತ್ತಿ ನೋಡಿದೆ. ಮುಂದಿನ ಬದಿ ಬೂದು ಬಣ್ಣಕ್ಕೆ ತಿರುಗಿತ್ತು. ಪಕ್ಕದ್ದನ್ನು ಎತ್ತಿದೆ, ಅದು ಆಗಲೇ ಕಪ್ಪು. ಹತ್ತಿದ ಸ್ಟಾಪು, ಇಳಿದ ಸ್ಟಾಪು, ದರ, ಎಲ್ಲ ಕಪ್ಪಿನೊಳಗೆ ಸೇರಿಹೋದವು. ಫ್ಯಾನ್ ಹಾಕಿದೆವು. ಬ್ಲಾಟಿಂಗ್ ಪೇಪರ್ ಒತ್ತಿದೆವು, ಇಂಕು ಅದಕ್ಕೆ ಅಂಟಿಕೊಂಡು ಬಂತು. ಸಾಲು ಸಾಲಾಗಿ ಕಪ್ಪಾಗುವುದನ್ನು ನೋಡುತ್ತಾ ನಿಲ್ಲುವುದು ಬಿಟ್ಟರೆ ಮಾಡಲು ಏನೂ ಇರಲಿಲ್ಲ. ಆ ಹೊತ್ತಿನಲ್ಲಿ ಯಾರೂ ಮಾತಾಡಲಿಲ್ಲ.

ನಮ್ಮ ಫ್ರೇಮ್ ಅಂಗಡಿಯ ಅಣ್ಣ ಕೆಳಗೆ ಬಿದ್ದಿದ್ದ ಒಂದು ಟಿಕೆಟ್ ತೆಗೆದುಕೊಂಡು ಉಗುರಿನಿಂದ ಜೋರಾಗಿ ಗೀಚಿದರು. ಕಪ್ಪು ಗೆರೆ ಮೂಡಿತು. "ನೋಡಿ ಮೇಡಂ, ಇದು ಎಟಿಎಂ ಚೀಟಿ ಪೇಪರ್ರು. ಇಂಕೇ ಇಲ್ಲ ಇದ್ರಲ್ಲಿ. ಬಿಸಿಗೂ ಕಪ್ಪಾಗುತ್ತೆ, ಥಿನ್ನರ್ರಿಗೂ ಕಪ್ಪಾಗುತ್ತೆ."

ಅಷ್ಟೇ ವಿಷಯ. ನಾನು ಪರೀಕ್ಷೆ ಮಾಡಿದ್ದು ಹಳೆಯ, ಪ್ರೆಸ್ಸಿನಲ್ಲಿ ಅಚ್ಚಾದ ಬಣ್ಣದ ಟಿಕೆಟ್ ಮೇಲೆ. ಅದರ ಹಿಂದೆ ಪೆನ್ನಿನ ಬರಹವೂ ಇರಲಿಲ್ಲ. ಪ್ಯಾನೆಲ್ ಮೇಲೆ ಇದ್ದದ್ದು ಮೆಷಿನ್ನಿನಿಂದ ಬಂದ ಥರ್ಮಲ್ ಟಿಕೆಟ್. ಆ ಕಾಗದದ ಮೇಲಿನ ಲೇಪದಲ್ಲಿ ಬಣ್ಣವಿಲ್ಲದ ಡೈ ಒಂದು, ಅದನ್ನು ಕಪ್ಪು ಮಾಡುವ ರಾಸಾಯನಿಕ ಇನ್ನೊಂದು ಇರುತ್ತವೆ. ಮೆಷಿನ್ನಿನ ಬಿಸಿ ತಾಗಿದಲ್ಲಿ ಎರಡೂ ಕರಗಿ ಸೇರುತ್ತವೆ, ಅಕ್ಷರ ಮೂಡುತ್ತದೆ. ಸ್ಪ್ರೇಯಲ್ಲಿನ ಥಿನ್ನರ್ ಇಡೀ ಕಾಗದದಲ್ಲಿ ಅದೇ ಕೆಲಸ ಮಾಡಿತು. ಶ್ವಿಟ್ಟರ್ಸ್ ಅವರ ಟಿಕೆಟ್‌ಗಳು ಅಚ್ಚಿನ ಇಂಕಿನವು. ಹೆಸರು ಟಿಕೆಟ್ ಅಂತ ಒಂದೇ ಇದ್ದ ಮಾತ್ರಕ್ಕೆ ವಸ್ತು ಒಂದೇ ಅಲ್ಲ.

ಗ್ಯಾಲರಿಯವರು ಬಂದು ನೋಡಿ, ಕಪ್ಪು ಪ್ಯಾನೆಲ್ ಚೆನ್ನಾಗಿಯೇ ಕಾಣುತ್ತಿದೆ, ಹಾಗೇ ತೂಗುಹಾಕಿ ಅಂದರು. ನಾನು ಒಪ್ಪಲಿಲ್ಲ. ತುಂಬಿದ ಬಸ್ಸಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಅಲುಗಾಡುತ್ತಾ ಬರೆದ ಅಂಕಿಗಳು ಅವು. ಪ್ರತಿಯೊಬ್ಬ ಕಂಡಕ್ಟರ್‌ರ 4 ಬೇರೆ ಥರ. ಆ ಕೈಬರಹವೇ ಕೃತಿ. ಅದು ಅಳಿಸಿಹೋದಮೇಲೆ ತೋರಿಸಲು ಉಳಿಯುವುದು ಕಪ್ಪು ಕಾಗದ, ಅದಕ್ಕೆ ನನ್ನ ಹೆಸರು ಹಾಕಲಾರೆ. ಆ ರಾತ್ರಿ ಉಳಿದ ಎರಡು ಪ್ಯಾನೆಲ್ ಸ್ಕ್ಯಾನ್ ಮಾಡಿ, ನಡುವೆ ಜಾಗ ಬಿಡಲು ಸ್ಪೇಸರ್ ಕೊಟ್ಟು ಆಕ್ರಿಲಿಕ್ ಶೀಟ್ ಹಿಂದೆ ಹಾಕಿದೆವು. ಎತ್ತಿ ನೋಡುವ ಆಟಕ್ಕೆ ಸ್ಕ್ಯಾನಿನ ಪ್ರಿಂಟ್‌ಗಳನ್ನು ಕೆಳಗಿನ ಸಾಲಿನಲ್ಲಿ ತೂಗುಹಾಕಿದೆವು. ಮಕ್ಕಳು ಬ್ಯಾಗಿನ ಚಿಲ್ಲರೆ ಬೇಗ ಖಾಲಿ ಮಾಡಿದರು. ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಈಗ ಯಾವ ವಸ್ತು ಬಂದರೂ ಮೊದಲು ಸ್ಕ್ಯಾನ್, ಆಮೇಲೆ ಅದೇ ರಾಶಿಯಿಂದ ಒಂದನ್ನು ತೆಗೆದು ಎರಡೂ ಬದಿ ಪರೀಕ್ಷೆ. ಓಪನಿಂಗ್ ಹಿಂದಿನ ಸಂಜೆ ಯಾರು ಹೇಳಿದರೂ ಸ್ಪ್ರೇ ಕ್ಯಾನ್ ಮುಟ್ಟುವುದಿಲ್ಲ. ಕೊಳ್ಳುವವರಿಗೂ ಮೊದಲೇ ಹೇಳುತ್ತೇನೆ: ಥರ್ಮಲ್ ಅಕ್ಷರ ಏನೂ ಮಾಡದಿದ್ದರೂ ಮಾಸುತ್ತದೆ.

ಕಪ್ಪಾಗಿ ಹೋದ ಪ್ಯಾನೆಲ್ ಮತ್ತೆ ಮಾಡುವುದು ಸುಲಭವಿಲ್ಲ. ಈಗ ಬಸ್ಸಿನಲ್ಲಿ ತುಂಬಾ ಜನ ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ, ಅವರಿಗೆ ಬಾಕಿಯ ಪ್ರಶ್ನೆಯೇ ಇಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಮೇಲೆ ಅಮ್ಮನ ಪರ್ಸಿನಲ್ಲಿ ಸಿಗುವುದು ಶೂನ್ಯ ಟಿಕೆಟ್. ಅಮ್ಮನಿಗೆ ಒಳ್ಳೆಯದೇ ಆಯಿತು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಬಾಕಿ ಬರೆದ ಟಿಕೆಟ್ ನಿಮ್ಮ ಮನೆಯಲ್ಲಿ ಯಾವುದಾದರೂ ಪುಸ್ತಕದ ನಡುವೆ ಸಿಕ್ಕರೆ ಎಸೆಯಬೇಡಿ. ಪ್ಲಾಸ್ಟಿಕ್ ಕವರಿಗೂ ಹಾಕಬೇಡಿ, ಮೇಲೆ ಸೆಲ್ಲೋಟೇಪ್ ಅಂಟಿಸಬೇಡಿ, ಎರಡರಿಂದಲೂ ಅಕ್ಷರ ಬೇಗ ಹೋಗುತ್ತದೆ. ಒಂದು ಪೇಪರ್ ಕವರಿನಲ್ಲಿ ಹಾಕಿ, ಬಿಸಿಲು ಬೀಳದ ಕಡೆ ಇಡಿ.