ಕಾಲುವೆ ದಂಡೆ ಹಿಡಿದು ಇಸಾಂಪುರಕ್ಕೆ

ಎಳ್ಳಮಾಸಿ ಆಗಷ್ಟೇ ಮುಗಿದಿತ್ತು. ಇಂಗ್ಲೆಂಡಿನಲ್ಲಿ ಕೆಲಸ ಮಾಡುವ ಗೆಳೆಯ ರಜೆಗೆ ಅಂತ ಸುರಪುರಕ್ಕೆ ಬಂದಿದ್ದ. "ಎಲ್ಲಾದ್ರೂ ದಿನಪೂರ್ತಿ ನಡಿಯೋಣ" ಅಂತ ಅವನದೇ ಒತ್ತಾಯ. ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರ್ ಗೆಳೆಯ ತಕ್ಷಣ, ಆದಿಮಾನವರ ಕಲ್ಲಿನ ಉಪಕರಣಗಳು ಸಿಕ್ಕ ಇಸಾಂಪುರದ ಹೆಸರು ಹೇಳಿದ. ಕಟ್ಟಿಕೊಂಡ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಚೀಲಕ್ಕೆ ಹಾಕಿ, ಬೆಳಗಿನ ಬಸ್ಸಿಗೆ ಹುಣಸಗಿಗೆ ಹೋಗಿ ಇಳಿದೆವು. ಅಲ್ಲಿಂದ ಕಾಲುವೆಯ ದಂಡೆ ಹಿಡಿದೆವು.

ನಡೆಯುವಾಗ ಇಂಗ್ಲೆಂಡಿನ ಗೆಳೆಯನ ಬಾಯಲ್ಲಿ ಬರೀ ಅಲ್ಲಿನ ಕಾಲುವೆಗಳ ಮಾತು. ಬೇಸಿಗೆಯಲ್ಲಿ ಗೆಳೆಯರ ಜೊತೆ ದೋಣಿ ಬಾಡಿಗೆಗೆ ಹಿಡಿದು, ಅದರಲ್ಲೇ ಉಂಡು ಮಲಗಿ ಊರೂರು ಸುತ್ತಿದ್ದನಂತೆ. ಅಲ್ಲಿನ ಕಾಲುವೆಗಳನ್ನು ತೋಡಿದ್ದು ಹೊಲಕ್ಕೆ ನೀರು ಹಾಯಿಸೋಕಲ್ಲ, ಕಲ್ಲಿದ್ದಲಿನಂಥ ಸರಕು ಸಾಗಿಸೋಕೆ. ದೋಣಿಗೆ ಹಗ್ಗ ಕಟ್ಟಿ ಕುದುರೆ ದಂಡೆಯ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಆ ಕುದುರೆ ದಾರಿಯಲ್ಲಿ ಈಗ ಜನ ನಡೆಯುತ್ತಾರೆ. ದೋಣಿ ಸುಮಾರು ಏಳು ಅಡಿ ಅಗಲ, ವೇಗ ಗಂಟೆಗೆ ನಾಲ್ಕು ಮೈಲಿ ದಾಟುವಂತಿಲ್ಲ. ಹಾಗಾಗಿ ಒಬ್ಬರು ದೋಣಿ ನಡೆಸುತ್ತಿದ್ದರೆ, ಉಳಿದವರು ಇಳಿದು ಹೊಲಗಳ ನಡುವೆ ನಡೆದು, ಮುಂದಿನ ಲಾಕ್ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟು) ಹತ್ತಿರ ಮತ್ತೆ ಹತ್ತಿಕೊಳ್ಳಬಹುದು. ಮನುಷ್ಯನ ನಡಿಗೆಗೆ ಸರಿಯಾಗಿ ಸಾಗುವ ಪ್ರವಾಸ ಅದು. ಕೇಳಿ ನನಗೂ ಆಸೆಯಾಯಿತು.

ನಮ್ಮ ಕಾಲುವೆಯಲ್ಲಿ ದೋಣಿ ಇಲ್ಲ. ನೀರು ಬಿಟ್ಟಾಗ ಸೆಳವು ಜಾಸ್ತಿ, ಸಿಮೆಂಟಿನ ಓರೆ ಗೋಡೆ ಪಾಚಿ ಹಿಡಿದು ಜಾರುತ್ತದೆ. ಕಾಲಿಟ್ಟರೆ ಮೇಲೆ ಬರೋದು ಕಷ್ಟ. ಆದರೆ ನಡೆಯೋಕೆ ಈ ದಂಡೆಯಂಥ ಜಾಗ ಇನ್ನೊಂದಿಲ್ಲ. ಈ ಸೀಮೆಯ ಬದುಕು ಇಲ್ಲಿಂದ ಎರಡು ಭಾಗವಾಗಿ ಕಾಣುತ್ತದೆ.

ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಉದ್ದ ಹತ್ತು ಕಿಲೋಮೀಟರಿಗೂ ಹೆಚ್ಚು. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆ 78 ಕಿಲೋಮೀಟರ್. ಅದರಿಂದ ಹುಣಸಗಿ, ಶಹಾಪುರ, ಜೇವರ್ಗಿ, ಇಂಡಿ ಅಂತ ಶಾಖಾ ಕಾಲುವೆಗಳು ಒಡೆಯುತ್ತವೆ. ನೀರು ತಾನಾಗಿಯೇ ಹರಿಯಬೇಕಲ್ವಾ? ಅದಕ್ಕೆ ಕಾಲುವೆ ಇಳಿಜಾರನ್ನು ಸುತ್ತುಹಾಕಿಕೊಂಡು ಎತ್ತರದಲ್ಲೇ ಸಾಗುತ್ತದೆ. ಅದರ ಕೆಳಗಿನ ನೆಲಕ್ಕಷ್ಟೇ ನೀರು, ಮೇಲಿನದು ಖುಷ್ಕಿ, ಮಳೆ ನಂಬಿದ ನೆಲ.

ನಾವು ಕಂಡದ್ದೂ ಅದನ್ನೇ. ಎಡಗಡೆ ಹಿಂಗಾರಿ ಜೋಳ, ಕಡಲೆ, ಅಲ್ಲಲ್ಲಿ ಕೊಯ್ಲಿಗೆ ಬಂದ ತೊಗರಿ, ಬಿರುಕು ಬಿಟ್ಟ ಎರೆನೆಲ. ಬಲಗಡೆ ಕೊಯ್ದ ಭತ್ತದ ಗದ್ದೆ, ಕೂಳೆಯ ನಡುವೆ ಬೆಳ್ಳಕ್ಕಿಗಳು, ಮೆಣಸಿನಕಾಯಿ, ಹತ್ತಿ. ನಡುವೆ ನಮ್ಮ ದಾರಿ. ಗೆಳೆಯ ಸುಮಾರು ಹೊತ್ತು ಮಾತೇ ಆಡಲಿಲ್ಲ, ಅತ್ತ ಇತ್ತ ನೋಡುತ್ತಲೇ ನಡೆದ.

ಬಿಸಿಲೇರಿದಾಗ ಮೇಲಿನ ಹೊಲದ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಆ ಹೊಲದ ಅವ್ವ ಕಡಲೆ ಸೊಪ್ಪಿನ ತುದಿ ಚಿವುಟುತ್ತಿದ್ದವಳು ನಮ್ಮನ್ನು ನೋಡಿ ಬಂದಳು. "ಒಣಾ ರೊಟ್ಟಿ ಹ್ಯಾಂಗ ತಿಂತೀರಿ ಯಪ್ಪಾ" ಅಂತ ಒಂದು ಹಿಡಿ ಹಸಿ ಸೊಪ್ಪು, ಉಳ್ಳಾಗಡ್ಡಿ ಕೊಟ್ಟು, ತಂಬಿಗೆಯಿಂದ ಮಜ್ಜಿಗೆ ಸುರಿದಳು. ಕಡಲೆ ಸೊಪ್ಪಿನ ಹುಳಿ ಬೆರಳಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಆಕೆಯ ಕೈಯೆಲ್ಲ ಆ ಹುಳಿಗೆ ಒರಟಾಗಿತ್ತು. ಕಾಲುವೆ ಬಂದ ಮೇಲೆ ಏನು ಬದಲಾಯಿತು ಅಂತ ಮಾಸ್ತರ್ ಕೇಳಿದ.

"ನಮ್ಮ ಹೊಲ ಕಾಲುವಿ ಮ್ಯಾಲ ಅದ. ನೀರು ಕಣ್ಣಿಗಿ ಕಾಣ್ತದ, ಹೊಲಕ್ಕ ಬರಂಗಿಲ್ಲ" ಅಂದಳು ಅವ್ವ. ಮಗ ಕೆಳಗಿನ ಹೊಲವೊಂದನ್ನು ಪಾಲಿಗೆ ಮಾಡುತ್ತಾನಂತೆ.

ಈ ಮಾತು ನನ್ನನ್ನು ಬಿಡಲೇ ಇಲ್ಲ. ಕಾಲುವೆ ಕೆಳಗಿದ್ದರೂ ಎಲ್ಲರ ಪಾಡು ಒಂದೇ ಅಲ್ಲ. ಈ ಯೋಜನೆ ಮಾಡಿದ್ದು ಜೋಳ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು ಲೆಕ್ಕದಲ್ಲಿಟ್ಟುಕೊಂಡು. ಕಾಲುವೆ ಶುರುವಾಗುವ ಕಡೆ ಭತ್ತ ಹಚ್ಚಿದರೆ ಕೊನೆಯ ಊರುಗಳಿಗೆ ನೀರು ಮುಟ್ಟುವುದಿಲ್ಲ. ಅದಕ್ಕೇ ಸರದಿ ಮೇಲೆ ನೀರು ಬಿಡುವ ವಾರಾಬಂದಿ, ಅದಕ್ಕೇ ಪ್ರತಿ ಹಂಗಾಮಿನಲ್ಲೂ ಜಗಳ. ಭತ್ತ ಬೆಳೆದವರನ್ನು ಸುಮ್ನೆ ಬೈಯಲಾರೆ, ಸಾಲ ತೀರುವುದು ಅದರಿಂದಲೇ. ಆದರೂ ಕೊನೆಯ ಹೊಲಕ್ಕೆ ನೀರು ಮೊದಲು ಸಿಗುವ ಹಾಗೆ ಲೆಕ್ಕ ಹಾಕಬೇಕು ಅಂತಲೇ ನನಗನ್ನಿಸುತ್ತದೆ.

ಮಧ್ಯಾಹ್ನ ದಾಟಿದ ಮೇಲೆ ಇಸಾಂಪುರ ಮುಟ್ಟಿದೆವು. ನೋಡೋಕೆ ಏನೂ ಇಲ್ಲದ ಜಾಗ. ಜಾಲಿ ಗಿಡ, ಬೂದು ಬಣ್ಣದ ಸುಣ್ಣದ ಕಲ್ಲಿನ ಹಾಸು. ಮೇಲಿನ ಕರಿಮಣ್ಣನ್ನು ನೀರಾವರಿ ಕೆಲಸಕ್ಕೆ ತೆಗೆದಾಗ ಕೆಳಗೆ ಕಲ್ಲಿನ ಉಪಕರಣಗಳು ಕಂಡವು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಹುಣಸಗಿ–ಬೈಚಬಾಳ ಕಣಿವೆಯನ್ನು ದಶಕಗಳ ಕಾಲ ಕಾಲ್ನಡಿಗೆಯಲ್ಲೇ ಹುಡುಕಿದವರು, ಇಲ್ಲಿಯೂ ಉತ್ಖನನ ಮಾಡಿದರು. ಇಲ್ಲಿ ಸಿಕ್ಕ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿ ಕೊಟ್ಟ ಕಾಲ ಸುಮಾರು 12 ಲಕ್ಷ ವರ್ಷ. ಆದಿಮಾನವರು ಚಪ್ಪಡಿ ಕಲ್ಲನ್ನು ಆರಿಸಿ, ಒಡೆದು, ಕೈಗೊಡಲಿ ಮಾಡಿದ ಜಾಗ ಇದು.

ಮಾಸ್ತರ್ ನೆಲದಿಂದ ಒಂದು ಚಕ್ಕೆ ಎತ್ತಿ ನನ್ನ ಅಂಗೈಗೆ ಇಟ್ಟ. ಒಂದು ಬದಿ ಉಬ್ಬಿತ್ತು, ಪೆಟ್ಟು ಬಿದ್ದ ಕಡೆ. ಅಂಚು ಮೊಂಡಾಗಿತ್ತು. ಹೆಬ್ಬೆರಳು ತಾನಾಗಿಯೇ ಇನ್ನೊಂದು ಬದಿಯ ತಗ್ಗಿನಲ್ಲಿ ಕೂತಿತು. ಎಷ್ಟು ಹಳೆಯದೋ, ಮೈ ಜುಮ್ಮೆಂದಿತು. ಇದ್ದಲ್ಲೇ ವಾಪಸ್ ಇಟ್ಟೆ. ಇಂಥ ಕಲ್ಲು ಮನೆಗೆ ಒಯ್ದರೆ ಅದರ ಕಥೆಯೇ ಹೋಗುತ್ತದೆ, ಯಾವ ಜಾಗದಲ್ಲಿ ಸಿಕ್ಕಿತು ಅನ್ನೋದೇ ಮುಖ್ಯ.

ಆ ಜನ ಇಲ್ಲೇ ಯಾಕೆ ನಿಂತರು? ಕಲ್ಲು ಇತ್ತು, ಅದಕ್ಕಿಂತ ಮುಖ್ಯವಾಗಿ ನೀರಿತ್ತು ಅಂದ ಮಾಸ್ತರ್. ಬೇಸಿಗೆಯಲ್ಲೂ ಬತ್ತದ ಒರತೆಗಳು ಈ ಕಣಿವೆಯಲ್ಲಿದ್ದವು, ಸುತ್ತಲೂ ಒಣಗಿದಾಗ ಪ್ರಾಣಿ, ಮನುಷ್ಯ ಎಲ್ಲರೂ ಇಲ್ಲಿಗೇ ಬರುತ್ತಿದ್ದರು ಅಂತ ಪದ್ದಯ್ಯ ಅವರೇ ಬರೆದಿದ್ದಾರಂತೆ.

ಜಗತ್ತಿನ ವಿದ್ವಾಂಸರು ಹೆಸರು ಹಿಡಿದು ಕರೆಯುವ ಈ ಜಾಗವನ್ನು ನಮ್ಮ ಜಿಲ್ಲೆಯ ಮಕ್ಕಳು ನೋಡಬೇಕು. ಪುಸ್ತಕದಲ್ಲಿ ಶಿಲಾಯುಗದ ಪಾಠ ಓದುತ್ತಾರೆ, ಬಸ್ಸಿನ ದೂರದಲ್ಲೇ ಅದು ನೆಲದ ಮೇಲೆ ಬಿದ್ದಿದೆ.

ಹುಣಸಗಿಗೆ ವಾಪಸ್ ಬಂದು ಚಹಾ ಕುಡಿಯುವಾಗ ಮಾಸ್ತರ್ ಎಂಟನೇ ತರಗತಿಯವರನ್ನು ಕರೆದುಕೊಂಡು ಬರುವ ಲೆಕ್ಕ ಹಾಕುತ್ತಿದ್ದ. ಇಂಗ್ಲೆಂಡಿನ ಗೆಳೆಯನಿಗೆ ಅಷ್ಟರಲ್ಲೇ ಬೂದಿಹಾಳದ ಹುಚ್ಚು ಹಿಡಿದಿತ್ತು. ಅಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಆದ ಬೂದಿ ದಿಬ್ಬ ಇದೆ. ಅವನು ಹೋಗುವುದರೊಳಗೆ ಅಲ್ಲಿಗೂ ನಡೆದುಬಿಡೋಣ ಅಂತ ನಿಶ್ಚಯವಾಯಿತು.